ನಿಂದ್ರು ಅಂತ ಒದರ್ಲತ್ತಿತ್ತು

ಮೆಟ್ರೊ ಬಾಗಿಲು ಮುಚ್ಚುವ ಮೊದಲು ‘ಪೀಂ ಪೀಂ’ ಅಂತ ಸದ್ದು ಬರುತ್ತಲ್ಲ, ಅದನ್ನು ಕೇಳಿದ ಕೂಡಲೇ ನೀವೇನು ಮಾಡ್ತೀರಿ? ನಾನಂತೂ ಓಡ್ತಿದ್ದೆ. ಎಸ್ಕಲೇಟರ್ ಮೇಲಿದ್ದರೆ ಮುಂದಿದ್ದವರನ್ನು ‘ಸ್ವಲ್ಪ ಜಾಗ ಬಿಡಿ’ ಅಂತ ಸರಿಸಿಕೊಂಡು, ಮೆಟ್ಟಿಲ ಮೇಲಿದ್ದರೆ ಎರಡೆರಡು ಮೆಟ್ಟಿಲು ಒಟ್ಟಿಗೆ ಹಾರಿಕೊಂಡು, ಲ್ಯಾಪ್‌ಟಾಪ್ ಬ್ಯಾಗನ್ನು ಎದೆಗೆ ಅವುಚಿಕೊಂಡು ಒಳಗೆ ನುಗ್ಗುತ್ತಿದ್ದೆ. ಬೆನ್ನ ಹಿಂದೆ ಬಾಗಿಲು ಮುಚ್ಚಿಕೊಂಡಾಗ ಏನೋ ಗೆದ್ದಂಥ ಖುಷಿ. ಏದುಸಿರು ಬಿಡುತ್ತಾ ಪಕ್ಕಕ್ಕೆ ನೋಡಿದರೆ ನನ್ನ ಹಾಗೇ ನುಗ್ಗಿ ಬಂದ ಇನ್ನೊಬ್ಬರು ಕಣ್ಣಲ್ಲೇ ನಗುತ್ತಿದ್ದರು. ಐದಾರು ವರ್ಷ ಹೀಗೇ ನಡೆಯಿತು. ಎಷ್ಟು ದೂರದಿಂದ ಸದ್ದು ಕೇಳಿದರೆ ಗಾಡಿ ಸಿಗುತ್ತದೆ, ಎಷ್ಟು ದೂರದಿಂದ ಕೇಳಿದರೆ ಸಿಗೋದಿಲ್ಲ ಅನ್ನೋ ಲೆಕ್ಕ ನನ್ನ ಕಾಲಿಗೇ ಗೊತ್ತಾಗಿಬಿಟ್ಟಿತ್ತು.

ಆ ಸದ್ದಿನ ಅರ್ಥ ‘ಓಡು’ ಅಂತ ಅಲ್ಲ ಅನ್ನೋದನ್ನು ನನಗೆ ತಿಳಿಸಿದ್ದು ನಮ್ಮವ್ವ. ಅದೂ ಆಕೆ ಜೀವನದಲ್ಲಿ ಮೊದಲ ಸಲ ಮೆಟ್ರೊ ಹತ್ತಿದ ಮರುದಿನ.

ನಮ್ಮೂರು ಬೀದರ್ ತಾಲ್ಲೂಕಿನ ಮನ್ನಳ್ಳಿ. ರೈಲು ಹತ್ತಬೇಕಂದರೆ ನಾವು ಬೀದರಿಗೆ ಬರಬೇಕು. ವಿಕಾರಾಬಾದಿನಿಂದ ಬೀದರ್, ಭಾಲ್ಕಿ, ಉದಗೀರ್ ಮೇಲೆ ಹಾದು ಪರಳಿ ವೈಜನಾಥಕ್ಕೆ ಹೋಗುವ ಹಳಿ ಅದು, ನಿಜಾಮರ ಕಾಲದ್ದು. ಕಲಬುರಗಿಗೆ ನೇರ ರೈಲು ಬಂದದ್ದು 2017ರ ಅಕ್ಟೋಬರ್ 29ರಂದು. ಅಲ್ಲಿಯವರೆಗೆ ನಮ್ಮ ಪಕ್ಕದ ಜಿಲ್ಲೆಗೆ ರೈಲಿನಲ್ಲಿ ಹೋಗಬೇಕಂದರೆ ವಿಕಾರಾಬಾದನ್ನು ಸುತ್ತಿ ಬರಬೇಕಿತ್ತು. ಹಾಗಾಗಿ ನಮ್ಮವ್ವನಿಗೆ ರೈಲು ಅಂದರೆ ದಿನದ ಮಾತಲ್ಲ. ಯಾರನ್ನೋ ಕಳಿಸಲಿಕ್ಕೆ, ಯಾರನ್ನೋ ಕರಕೊಂಡು ಬರಲಿಕ್ಕೆ ಹೋಗುವ ಜಾಗ.

ಆಕೆ ನೋಡಿದ ರೈಲುಗಳಿಗೆ ಬಾಗಿಲು ಇದ್ದೂ ಇಲ್ಲದ ಹಾಗೆ. ತೆರೆಯೋದು, ಮುಚ್ಚೋದು ಎಲ್ಲ ಜನರ ಕೈಲಿ. ಹಗಲೆಲ್ಲ ತೆರೆದೇ ಇರುತ್ತದೆ. ಬಾಗಿಲಲ್ಲಿ ಕಾಲು ಇಳಿಬಿಟ್ಟು ಕೂತವರು, ಹಿಡಿಕೆ ಹಿಡಿದು ಗಾಳಿಗೆ ನಿಂತವರು ಯಾವಾಗಲೂ ಇಬ್ಬರು ಮೂವರು. ನಮ್ಮ ಕಡೆ ಯಾರನ್ನಾದರೂ ರೈಲಿಗೆ ಕಳಿಸೋದಂದರೆ ಅದಕ್ಕೊಂದು ಪದ್ಧತಿಯೇ ಇದೆ. ಕಳಿಸಲಿಕ್ಕೆ ಬಂದವರೆಲ್ಲ ಒಳಗೆ ಹತ್ತಬೇಕು. ಗಂಟು ಮೂಟೆ ಸೀಟಿನ ಕೆಳಗೆ ದಬ್ಬಬೇಕು. ರೊಟ್ಟಿ ಬುತ್ತಿ ಎಲ್ಲಿದೆ, ಶೇಂಗಾ ಹಿಂಡಿ ಯಾವ ಚೀಲದಲ್ಲಿದೆ ಅಂತ ಮತ್ತೊಮ್ಮೆ ಹೇಳಬೇಕು. ಎದುರು ಸೀಟಿನವರಿಗೆ ‘ನಮ್ಮ ಹುಡುಗನ ಮ್ಯಾಲ ಸ್ವಲ್ಪ ನಿಗಾ ಇಡ್ರಿ’ ಅಂತ ಒಪ್ಪಿಸಬೇಕು. ಗಾಡಿ ಹಾರ್ನ್ ಹೊಡೆದರೂ ಯಾರೂ ಏಳೋದಿಲ್ಲ. ಅದು ಒಮ್ಮೆ ಜಗ್ಗಿ ಮೆಲ್ಲಗೆ ಉರುಳೋಕೆ ಶುರುವಾದಾಗ ಎದ್ದು, ಬಾಗಿಲಿಗೆ ಬಂದು, ಗಾಡಿಯ ಜೊತೆ ನಾಲ್ಕು ಹೆಜ್ಜೆ ಓಡಿ ಇಳಿಯಬೇಕು. ನಮ್ಮ ಕಾಕಾ ಈ ಕೆಲಸದಲ್ಲಿ ಪ್ರವೀಣ. ಗಾಡಿ ಉರುಳುವ ಮೊದಲೇ ಇಳಿದು ಹೋದವನಿಗೆ ಕರುಳಿಲ್ಲ ಅನ್ನೋದು ಆತನ ಮಾತು.

ತಾನಾಗೇ ಮುಚ್ಚುವ ಬಾಗಿಲು ಈ ಪದ್ಧತಿಗೆ ಒಗ್ಗೋದಿಲ್ಲ. 2023ರ ಜನವರಿಯಲ್ಲಿ ಆಂಧ್ರದ ರಾಜಮಂಡ್ರಿಯಲ್ಲಿ ಒಬ್ಬರು ಹೊಸ ವಂದೇ ಭಾರತ್ ಗಾಡಿ ನೋಡಿ ಸೆಲ್ಫಿ ತೆಗೆಯೋಕೆ ಒಳಗೆ ಹೋದರು. ಬಾಗಿಲು ಮುಚ್ಚಿಕೊಂಡಿತು. ಇಳಿದದ್ದು ವಿಜಯವಾಡದಲ್ಲಿ. ಆ ವಿಡಿಯೊ ನೋಡಿ ನಾವೆಲ್ಲ ನಕ್ಕಿದ್ದೇ ನಕ್ಕಿದ್ದು. ಮರುವರ್ಷ ಮಾರ್ಚಿಯಲ್ಲಿ ಕಲಬುರಗಿಯಿಂದ ಬೆಂಗಳೂರಿಗೂ ವಂದೇ ಭಾರತ್ ಶುರುವಾದಾಗ ನಾನು ಕಾಕಾನಿಗೆ ಫೋನ್ ಮಾಡಿ, ‘ಇದ್ರಾಗ ಯಾರಿಗರೆ ಬಿಡ್ಲಕ್ಕ ಹೋದ್ರ ಒಳಗ ಹತ್ತಬ್ಯಾಡ ಕಾಕಾ, ಸೀದಾ ಬೆಂಗಳೂರಿಗೇ ಬರ್ತಿ’ ಅಂತ ಹೇಳಿದ್ದೆ. ಆತ, ‘ಬಂದ್ರ ನಿಮ್ಮನಿಗೇ ಬರ್ತೀನಿ, ಬ್ಯಾರೆ ಎಲ್ಲಿ ಹೋಗ್ಲಿ’ ಅಂದ.

ಅವ್ವ ಬಂದದ್ದು ಅದರ ಮುಂದಿನ ಜನವರಿಯಲ್ಲಿ, ಎಳ್ಳಮಾಸಿ ಮುಗಿಸಿಕೊಂಡು. ಮೊಣಕಾಲು ನೋವು ಜಾಸ್ತಿಯಾಗಿತ್ತು, ಇಲ್ಲೊಬ್ಬ ಡಾಕ್ಟರಿಗೆ ತೋರಿಸೋಣ ಅಂತ ನಾನೇ ಕರೆಸಿದ್ದೆ. ಮೊಣಕಾಲು ನೋವು ಅನ್ನೋದನ್ನು ನೆನಪಿಟ್ಟುಕೊಳ್ಳಿ. ನಾನು ಮರೆತಿದ್ದೆ.

ಮೊದಲ ದಿನ ಸುಮ್ಮನೆ ತೋರಿಸಿಕೊಂಡು ಬರೋಣ ಅಂತ ಮಧ್ಯಾಹ್ನ ನೇರಳೆ ಮಾರ್ಗದಲ್ಲಿ ಕರೆದುಕೊಂಡು ಹೋದೆ. ಕಾರ್ಡ್ ತೋರಿಸಿದರೆ ತೆರೆಯುವ ಗೇಟಿನಲ್ಲಿ ಹಿಂದೆ ಮುಂದೆ ನೋಡಿದಳು. ಎಸ್ಕಲೇಟರ್ ಬೇಡವೇ ಬೇಡ ಅಂದಳು, ಲಿಫ್ಟಿನಲ್ಲಿ ಹೋದೆವು. ಪ್ಲಾಟ್‌ಫಾರ್ಮಿನಲ್ಲಿ ಹಳದಿ ಗೆರೆ ದಾಟಿದ ಹುಡುಗನೊಬ್ಬನಿಗೆ ಸೆಕ್ಯುರಿಟಿಯವರು ಸೀಟಿ ಊದಿದ್ದನ್ನು ಕೇಳಿ, ಗೆರೆಯಿಂದ ಎರಡು ಹೆಜ್ಜೆ ಹಿಂದೆಯೇ ಇದ್ದವಳು ಇನ್ನೂ ಎರಡು ಹೆಜ್ಜೆ ಹಿಂದೆ ಸರಿದಳು. ಗಾಡಿ ಬಂತು.

‘ಇದ್ರ ಬಾಗ್ಲಾ ಯಾರ್ ತಗೀತಾರೋ ತಮ್ಮಾ?’

‘ತನ್ನಷ್ಟಕ್ಕ ತಾನೇ ತಗೀತದವ್ವಾ.’

ಬಾಗಿಲು ತೆರೆಯಿತು. ಆಕೆ ಒಳಗೆ ಕಾಲಿಡುವ ಮೊದಲು ಒಂದು ಕೆಲಸ ಮಾಡಿದಳು. ಸೆರಗನ್ನು ಎಳೆದುಕೊಂಡು, ಸೊಂಟದ ಸುತ್ತ ಸುತ್ತಿ, ಬಿಗಿಯಾಗಿ ಸಿಗಿಸಿಕೊಂಡಳು. ಹೊಲಕ್ಕೆ ಹೋಗುವಾಗ ಸಿಗಿಸಿಕೊಳ್ತಾಳಲ್ಲ, ಹಾಗೆ. ಅಕ್ಕಪಕ್ಕದವರು ನೋಡಿದರು. ನನಗೆ ಒಂದು ಕ್ಷಣ ಮುಜುಗರವಾಯಿತು, ಸುಳ್ಳು ಯಾಕೆ ಹೇಳಲಿ.

ಒಳಗೆ ಕೂತ ಮೇಲೆ ಮುಂದಿನ ನಿಲ್ದಾಣದ ಹೆಸರು, ಬಾಗಿಲು ಯಾವ ಬದಿಗೆ ತೆರೆಯುತ್ತದೆ ಅನ್ನೋದೆಲ್ಲ ಕನ್ನಡದಲ್ಲಿ ಕೇಳಿಬಂತು. ಅವ್ವ ಕಿವಿಗೊಟ್ಟು ಕೇಳಿ, ‘ಟಿವ್ಯಾಗ ಮಾತಾಡ್ತಿದ್ಳಲ್ಲ, ಆಕಿ ಧನಿ ಅಲ್ಲೇನೋ ಇದು?’ ಅಂದಳು. ಹೌದು, ಅಪರ್ಣಾ ಅವರದೇ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಮೊದಲ ಗಾಡಿ ಓಡಿತು. ನಮ್ಮ ಮೆಟ್ರೊದ ಕನ್ನಡ ಅಂದರೆ ಅಪರ್ಣಾ ಅವರ ದನಿ ಅನ್ನೋಷ್ಟು ಅದು ಊರಿನ ಕಿವಿಗೆ ಒಗ್ಗಿಹೋಗಿದೆ. ‘ಆಕಿ ತೀರಿಕೊಂಡ್ಳಲ್ಲ’ ಅಂದಳು ಅವ್ವ. 2024ರ ಜುಲೈ 11ರಂದು, ಕ್ಯಾನ್ಸರಿನಿಂದ. ಹೌದವ್ವಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಎಷ್ಟ್ ಚಂದ ಹೇಳ್ತಾಳ ನೋಡು, ಅವಸರೇ ಇಲ್ಲ’ ಅಂದಳು. ಆ ಮಾತು ನನಗೆ ಆಮೇಲೆ ನೆನಪಾಯಿತು.

ಮರುದಿನ ಡಾಕ್ಟರ್ ಹತ್ತಿರ ಹೋಗಿದ್ದೆವು. ಎಕ್ಸ್‌ರೇ, ರಿಪೋರ್ಟು, ಮಾತ್ರೆ ಅಂತ ಸಂಜೆಯಾಯಿತು. ಆರೂವರೆಗೆ ನನಗೊಂದು ಕಾಲ್ ಇತ್ತು. ವಾಪಸ್ ಬರುವಾಗ ಸ್ಟೇಷನ್ ಪೂರ್ತಿ ರಶ್ಶು. ಯಾವ ಸ್ಟೇಷನ್ ಅನ್ನೋದು ಬೇಡ, ಯಾಕಂದರೆ ತಪ್ಪು ಸ್ಟೇಷನ್ನಿನದಲ್ಲ, ಗಾಡಿಯದೂ ಅಲ್ಲ. ಲಿಫ್ಟಿನಿಂದ ಹೊರಗೆ ಬಂದಾಗ ಗಾಡಿ ನಿಂತಿತ್ತು, ಜನ ಹತ್ತಿ ಆಗಿತ್ತು. ಬಾಗಿಲು ನಮ್ಮಿಂದ ಏಳೆಂಟು ಹೆಜ್ಜೆ. ಪೀಂ ಪೀಂ ಶುರುವಾಯಿತು. ನಾನು ಏನೂ ಯೋಚನೆ ಮಾಡಲಿಲ್ಲ. ಎಡಗೈಯಲ್ಲಿ ಅವ್ವನ ಚೀಲ, ಬಲಗೈಯಲ್ಲಿ ಅವ್ವನ ಕೈ. ‘ಬಾ ಅವ್ವಾ, ಬಾ ಬಾ’ ಅಂತ ಜಗ್ಗಿಕೊಂಡು ಓಡಿದೆ.

ಬಾಗಿಲ ಹತ್ತಿರ ಬಂದಾಗ ಆಕೆ ನಿಂತುಬಿಟ್ಟಳು. ನಾನು ಒಳಗೆ ಕಾಲಿಟ್ಟಿದ್ದೆ, ಕೈ ಇನ್ನೂ ಹಿಡಿದೇ ಇದ್ದೆ. ಆಕೆ ನನ್ನ ಕೈಯಿಂದ ತನ್ನ ಕೈಯನ್ನು ಕಿತ್ತುಕೊಂಡಳು. ಕಿತ್ತುಕೊಂಡಳು ಅನ್ನೋದೇ ಸರಿ. ಬಾಗಿಲು ನಮ್ಮಿಬ್ಬರ ನಡುವೆ ಮುಚ್ಚಿಕೊಂಡಿತು.

ಗಾಜಿನ ಆಚೆ ಆಕೆ ನಿಂತಿದ್ದಳು. ಸೆರಗು ಸಿಗಿಸಿಕೊಂಡೇ ಇತ್ತು. ಏನೋ ಅಂದಳು, ಕೇಳಿಸಲಿಲ್ಲ. ಗಾಡಿ ಹೊರಟಿತು. ಆಕೆಯ ಫೋನು, ದುಡ್ಡಿನ ಚೀಲ, ಮಾತ್ರೆ, ನಮ್ಮ ಮನೆಯ ವಿಳಾಸ ಬರೆದ ಚೀಟಿ ಎಲ್ಲ ನನ್ನ ಎಡಗೈಯ ಚೀಲದಲ್ಲೇ ಇದ್ದವು.

ಮುಂದಿನ ನಿಲ್ದಾಣಕ್ಕೆ ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ಆ ಎರಡು ನಿಮಿಷದಲ್ಲಿ ಏನೇನು ಯೋಚನೆ ಬಂತು ಅಂತ ಬರೆದರೆ ಪುಟ ತುಂಬುತ್ತದೆ. ಆಕೆ ಹೆದರಿ ಹೊರಗೆ ಹೋಗಿಬಿಟ್ಟರೆ? ಮುಂದಿನ ಗಾಡಿ ಹತ್ತಿ ಎಲ್ಲಿಗೋ ಹೋದರೆ? ನಮ್ಮವ್ವನ ಕನ್ನಡ ಇಲ್ಲಿಯವರಿಗೆ ತಿಳಿಯುತ್ತದಾ? ಇಳಿದವನೇ ಈ ಬದಿಯಿಂದ ಆ ಬದಿಗೆ ಓಡಿದೆ. ಅಲ್ಲಿಯೂ ಪೀಂ ಪೀಂ. ಅಲ್ಲಿಯೂ ಓಡಿ ಹತ್ತಿದೆ. ಬುದ್ಧಿ ಬರೋದು ಅಷ್ಟು ಸುಲಭ ಅಲ್ಲ.

ಬಂದು ನೋಡಿದರೆ ಅವ್ವ ಅಲ್ಲೇ ಇದ್ದಳು. ಬಾಗಿಲು ಎಲ್ಲಿ ಮುಚ್ಚಿತ್ತೋ ಅದಕ್ಕೆ ಸರಿಯಾಗಿ ಎದುರಿಗೆ, ಹಳದಿ ಗೆರೆಯಿಂದ ನಾಲ್ಕು ಹೆಜ್ಜೆ ಹಿಂದೆ. ಪಕ್ಕದಲ್ಲಿ ಕಾಲೇಜಿನ ಹುಡುಗಿಯೊಬ್ಬಳು ನಿಂತಿದ್ದಳು. ‘ನಿಮ್ಮಮ್ಮ ಎಲ್ಲೂ ಕದಲಲಿಲ್ಲ ಸರ್, ಕೂತ್ಕೊಳಿ ಅಂದ್ರೂ ಕೂತ್ಕೊಳ್ಲಿಲ್ಲ. ಮಗ ಇಲ್ಲಿಗೇ ಬರ್ತಾನೆ ಅಂದ್ರು’ ಅಂದಳು. ಅಷ್ಟರಲ್ಲಿ ಎರಡು ಗಾಡಿ ಬಂದು ಹೋಗಿದ್ದವು.

ನಾನು ಬೈಸಿಕೊಳ್ಳೋಕೆ ತಯಾರಾಗಿದ್ದೆ. ಅವ್ವ ಬೈಯಲಿಲ್ಲ. ಮನೆಗೆ ಬಂದು ಚಹಾ ಕುಡಿದ ಮೇಲೆ ಕೇಳಿದಳು:

‘ಅದು ಒದರ್ಲತ್ತಿತ್ತಲ್ಲೋ ತಮ್ಮಾ. ನಿಂದ್ರು ನಿಂದ್ರು ಅಂತ ಒದರ್ಲತ್ತಿತ್ತು. ನೀ ಯಾಕ್ ಓಡ್ದಿ?’

ಆರೂವರೆ ಕಾಲ್ ಅಂತ ಹೇಳೋಕೆ ಬಾಯಿ ಬರಲಿಲ್ಲ. ಆ ಕಾಲ್ ಕೊನೆಗೆ ಏಳೂವರೆಗೆ ಹೋಗಿತ್ತು, ಅದು ಬೇರೆ ಮಾತು.

ಆಕೆಗೆ ಹೇಗೆ ತಿಳಿಯಿತು? ಆ ಸದ್ದಿಗೆ ಅರ್ಥ ಇದು ಅಂತ ಯಾರೂ ಹೇಳಿಕೊಟ್ಟಿರಲಿಲ್ಲ. ನಾನೂ ಹೇಳಿರಲಿಲ್ಲ. ಕೇಳಿದರೆ ಆಕೆ ರಾಶಿ ಮಷಿನ್ನಿನ ಮಾತು ತೆಗೆದಳು. ನಮ್ಮಲ್ಲಿ ತೊಗರಿ, ಸೋಯಾ ರಾಶಿ ಮಾಡೋಕೆ ಟ್ರ್ಯಾಕ್ಟರಿಗೆ ಕಟ್ಟಿದ ಮಷಿನ್ ಬರುತ್ತದೆ. ಟ್ರ್ಯಾಕ್ಟರಿಗೂ ಮಷಿನ್ನಿಗೂ ನಡುವೆ ತಿರುಗುವ ದಂಡ, ಪಕ್ಕದಲ್ಲಿ ಬೆಲ್ಟು, ಮೇಲೆ ಸಿವುಡು ಹಾಕುವ ಬಾಯಿ. ಅದನ್ನು ಚಾಲು ಮಾಡುವ ಮೊದಲು ಮಷಿನ್ನಿನವ ಎರಡು ಸಲ ಕೂಗುತ್ತಾನೆ: ‘ಸೆರಗ ಸಿಗಸ್ರಿ! ಹಿಂದ ಸರೀರಿ!’ ನಾನು ಸಣ್ಣವನಿದ್ದಾಗ ಒಬ್ಬ ಹೆಣ್ಣುಮಗಳ ಸೆರಗು ಆ ದಂಡಕ್ಕೆ ಸುತ್ತಿಕೊಂಡಿತ್ತು. ಜೀವ ಉಳಿಯಿತು, ಕೈ ಉಳಿಯಲಿಲ್ಲ. ಆವತ್ತು ಅವ್ವ ಅದೇ ಕಣದಲ್ಲಿ ಇದ್ದಳಂತೆ. ಮಷಿನ್ನು ಸದ್ದು ಮಾಡಿದರೆ ಮೊದಲು ಸೆರಗು ನೋಡಿಕೋ, ಆಮೇಲೆ ಹಿಂದೆ ಸರಿ. ಆಕೆಗೆ ಅಷ್ಟೇ ಗೊತ್ತು. ಹಿಂದಿನ ದಿನ ನನಗೆ ಮುಜುಗರ ಆಗಿದ್ದು ಇದರ ಬಗ್ಗೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಮೆಟ್ರೊ ಬಾಗಿಲು ಹೇಗೆ ಕೆಲಸ ಮಾಡುತ್ತದೆ ಅಂತ ಓದುತ್ತಾ ಕೂತೆ. ಬಾಗಿಲಿನ ಎರಡು ಹಲಗೆಗಳನ್ನು ಸರಿಸೋದು ಒಂದು ಮೋಟರು. ಮುಚ್ಚುವಾಗ ಏನಾದರೂ ಅಡ್ಡ ಬಂದರೆ ಹಲಗೆ ಮುಂದೆ ಹೋಗೋದಿಲ್ಲ, ಮೋಟರು ಎಳೆಯುವ ಕರೆಂಟು ಏರುತ್ತದೆ. ಬಾಗಿಲ ಕಂಟ್ರೋಲರಿಗೆ ಅದರಿಂದಲೇ ತಿಳಿಯೋದು, ನಡುವೆ ಏನೋ ಇದೆ ಅಂತ. ಆಗ ಬಾಗಿಲು ಬಿಡುತ್ತದೆ, ಮತ್ತೆ ಮುಚ್ಚಿ ನೋಡುತ್ತದೆ. ಎಲ್ಲ ಬಾಗಿಲೂ ಮುಚ್ಚಿ ಭದ್ರವಾಗಿವೆ ಅನ್ನೋ ಸಿಗ್ನಲ್ ಬರುವವರೆಗೆ ಗಾಡಿ ಹೊರಡೋದಿಲ್ಲ. ನಮ್ಮ ಮೆಟ್ರೊದ ಒಂದು ಬೋಗಿಗೆ ಬದಿಗೆ ನಾಲ್ಕರಂತೆ ಆರು ಬೋಗಿಗೆ 24 ಬಾಗಿಲು. ಅದರಲ್ಲಿ ಒಂದನ್ನು ನೀವು ಬ್ಯಾಗು ಅಡ್ಡ ಇಟ್ಟು ಹಿಡಿದರೆ ಉಳಿದ 23 ಬಾಗಿಲಿನ ಜನರೂ ನಿಮಗಾಗಿ ಕಾಯಬೇಕು.

ಕೈ, ಕಾಲು, ಬ್ಯಾಗು ಸಾಮಾನ್ಯವಾಗಿ ಬಾಗಿಲಿಗೆ ಗೊತ್ತಾಗುತ್ತವೆ. ತೊಂದರೆ ಇರೋದು ತೆಳ್ಳಗಿನದರಲ್ಲಿ. ಹಲಗೆಗಳ ಅಂಚಿಗೆ ರಬ್ಬರ್ ಇರುತ್ತದೆ. ಬಟ್ಟೆಯ ಒಂದು ಪದರ ಆ ರಬ್ಬರಿನ ನಡುವೆ ಅಡಗಿ ಕೂತರೆ ಬಾಗಿಲಿನ ಮಟ್ಟಿಗೆ ಅದು ಪೂರ್ತಿ ಮುಚ್ಚಿದ ಹಾಗೇ. ಸಿಗ್ನಲ್ ಬರುತ್ತದೆ, ಗಾಡಿ ಹೊರಡುತ್ತದೆ. 2023ರ ಡಿಸೆಂಬರ್ 14ರಂದು ದೆಹಲಿಯ ಇಂದರ್‌ಲೋಕ್ ನಿಲ್ದಾಣದಲ್ಲಿ ಒಬ್ಬ ಮಹಿಳೆಯ ಸೀರೆ ಹೀಗೇ ಬಾಗಿಲಿಗೆ ಸಿಕ್ಕಿಕೊಂಡಿತು. ಗಾಡಿ ಅವರನ್ನು ಎಳೆದುಕೊಂಡು ಹೋಯಿತು. ಎರಡು ದಿನದ ಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡರು. ಇಬ್ಬರು ಮಕ್ಕಳ ತಾಯಿ. ಎಳೆತವನ್ನು ಗುರುತಿಸಿ ಗಾಡಿ ನಿಲ್ಲಿಸುವ ವ್ಯವಸ್ಥೆ ತರುವ ಮಾತು ದೆಹಲಿ ಮೆಟ್ರೊ ಆಡಿದ್ದು ಅದಾದ ಮೇಲೆ. ಅದಕ್ಕೂ ಮೊದಲು, 2019ರ ಜುಲೈ 13ರಂದು ಕೋಲ್ಕತ್ತಾದ ಪಾರ್ಕ್ ಸ್ಟ್ರೀಟ್ ನಿಲ್ದಾಣದಲ್ಲಿ ಬಾಗಿಲಿಗೆ ಕೈ ಸಿಕ್ಕಿಕೊಂಡು ಹಿರಿಯರೊಬ್ಬರು ಹೋಗಿಬಿಟ್ಟಿದ್ದರು. ಲಂಡನ್ನಿನಲ್ಲಿ ಸೀರೆ ಇಲ್ಲ, ಕೋಟು ಇದೆ. 2015ರ ಮಾರ್ಚ್ 12ರಂದು ಕ್ಲಾಪಮ್ ಸೌತ್ ನಿಲ್ದಾಣದಲ್ಲಿ ಒಬ್ಬಾಕೆಯ ಕೋಟು ಸಿಕ್ಕಿಕೊಂಡು ಗಾಡಿ ಎಳೆದಿತ್ತು. ಗಾಯಗಳಾದರೂ ಅವರು ಬದುಕಿದರು.

ಇದಕ್ಕೆ ಗಟ್ಟಿ ಉಪಾಯ ಅಂದರೆ ಪ್ಲಾಟ್‌ಫಾರ್ಮಿಗೇ ಇನ್ನೊಂದು ಬಾಗಿಲು ಹಾಕೋದು. 1961ರಲ್ಲೇ ಲೆನಿನ್‌ಗ್ರಾಡಿನ ಒಂದು ನಿಲ್ದಾಣದಲ್ಲಿ ಗೋಡೆ ಕಟ್ಟಿ ಲಿಫ್ಟಿನಂಥ ಬಾಗಿಲು ಇಟ್ಟಿದ್ದರು. ಸಿಂಗಪುರದವರು 1987ರಲ್ಲಿ ತಮ್ಮ ನೆಲದಡಿಯ ನಿಲ್ದಾಣಗಳಿಗೆ ಗಾಜಿನದು ಹಾಕಿದರು. ನಮ್ಮ ದೇಶದಲ್ಲೂ ದೆಹಲಿಯ ಏರ್‌ಪೋರ್ಟ್ ಮಾರ್ಗ, ಚೆನ್ನೈನ ನೆಲದಡಿಯ ನಿಲ್ದಾಣಗಳಲ್ಲಿ ಇವೆ. ಇಂಥ ಬಾಗಿಲಿಲ್ಲದ ಕಡೆ ಎಳೆದುಕೊಂಡು ಹೋಗುವ ಗಾಡಿಗೂ ಮನುಷ್ಯರಿಗೂ ನಡುವೆ ಇರೋದು ಒಂದು ಹಳದಿ ಗೆರೆ, ಒಂದು ಸೀಟಿ, ಮತ್ತು ಆ ಪೀಂ ಪೀಂ.

ಆ ಸದ್ದನ್ನೂ ಯಾರೋ ಯೋಚನೆ ಮಾಡಿಯೇ ಮಾಡಿರುತ್ತಾರೆ. ಯುರೋಪಿನಲ್ಲಿ ರೈಲುಗಳಿಗೆ 2014ರ ಒಂದು ನಿಯಮ ಇದೆ, ಅಂಗವಿಕಲರಿಗೆ ಮತ್ತು ಓಡಾಡೋಕೆ ಕಷ್ಟ ಇರುವವರಿಗೆ ರೈಲು ಹೇಗಿರಬೇಕು ಅನ್ನೋ ಬಗ್ಗೆ. ಅದರ ಪ್ರಕಾರ ಬಾಗಿಲು ತೆರೆಯುವ ಸದ್ದು ನಿಧಾನದ್ದು, ಎರಡು ಸ್ವರ ಒಂದಾದ ಮೇಲೊಂದು, ಸೆಕೆಂಡಿಗೆ ಹೆಚ್ಚೆಂದರೆ ಎರಡು ಬಡಿತ. ಮುಚ್ಚುವ ಸದ್ದು ಒಂದೇ ಸ್ವರ, 1900 ಹರ್ಟ್ಸ್ ಹತ್ತಿರದ್ದು, ಸೆಕೆಂಡಿಗೆ ಆರರಿಂದ ಹತ್ತು ಬಡಿತ. ಯಾಕೆ ಬೇರೆ ಬೇರೆ? ಕಣ್ಣು ಕಾಣದವರಿಗೆ ಬಾಗಿಲು ಎಲ್ಲಿದೆ, ಅದು ತೆರೆಯುತ್ತಿದೆಯೋ ಮುಚ್ಚುತ್ತಿದೆಯೋ ಅನ್ನೋದು ಕಿವಿಯಿಂದಲೇ ತಿಳಿಯಬೇಕು. ನಮಗೆ ಕಿರಿಕಿರಿ ಅನ್ನಿಸುವ ಸದ್ದು ಅವರಿಗೆ ಬಾಗಿಲೇ. ಮುಚ್ಚುವ ಸದ್ದು ಅಷ್ಟು ಅವಸರದ್ದಾಗಿರೋದು, ಇನ್ನು ಹೊತ್ತಿಲ್ಲ, ಹತ್ತಿರ ಬರಬೇಡ ಅಂತ ಹೇಳೋಕೆ.

ಆದರೆ ಅವಸರದ ಸದ್ದು ಕೇಳಿದರೆ ನಮಗೆ ಬರೋದು ಅವಸರವೇ. ಜಪಾನಿನವರಿಗೆ ಇದು ಚೆನ್ನಾಗಿ ಗೊತ್ತು. ಟೋಕಿಯೊದ ಶಿಂಜುಕು, ಶಿಬುಯಾ ನಿಲ್ದಾಣಗಳಲ್ಲಿ 1989ರ ಮಾರ್ಚಿನಲ್ಲಿ ಕರ್ಕಶ ಗಂಟೆಯನ್ನು ತೆಗೆದು, ಗಾಡಿ ಹೊರಡುವ ಮೊದಲು ಇಂಪಾದ ಪುಟ್ಟ ರಾಗ ನುಡಿಸೋಕೆ ಶುರುಮಾಡಿದರು. ಆ ಪದ್ಧತಿ ಊರೂರಿಗೆ ಹಬ್ಬಿತು. ಜನ ಆ ರಾಗಗಳನ್ನು ಪ್ರೀತಿಸಿದರು, ಸಂಗ್ರಹಿಸಿದರು. ಮತ್ತು ರಾಗ ಕೇಳಿದ ಕೂಡಲೇ ಮೆಟ್ಟಿಲ ಮೇಲೆ ಓಡಿದರು. ಹೀಗೆ ಕೊನೆಯ ಗಳಿಗೆಯಲ್ಲಿ ನುಗ್ಗಿ ಹತ್ತೋದಕ್ಕೆ ಅವರ ಭಾಷೆಯಲ್ಲಿ ‘ಕಾಕೆಕೊಮಿ ಜೋಶಾ’ ಅಂತ ಹೆಸರೇ ಇದೆ. ದಯವಿಟ್ಟು ಅದನ್ನು ಮಾಡಬೇಡಿ ಅಂತ ದಿನವಿಡೀ ಪ್ರಕಟಣೆಯೂ ಇದೆ. ಗಂಟೆ ಹೋಗಿ ರಾಗ ಬಂದರೂ ಕಾಲು ಬದಲಾಗಲಿಲ್ಲ.

ಇದನ್ನು ಓದುವಾಗ ನನಗೆ ನನ್ನ ಕೆಲಸ ನೆನಪಾಯಿತು. ನಾನು ಇರೋದು ಒಂದು ಆ್ಯಪ್ ಮಾಡುವ ಕಂಪನಿಯಲ್ಲಿ. ಹೋದ ವರ್ಷ ನಮ್ಮ ಟೀಮು ಮೂರು ತಿಂಗಳು ಕೂತು ಮಾಡಿದ್ದು ಏನು ಗೊತ್ತಾ? ‘ಆಫರ್ ಮುಗಿಯಲು ಇನ್ನು 2 ನಿಮಿಷ’ ಅಂತ ಕೆಂಪಗೆ ಓಡುವ ಗಡಿಯಾರ. ಎರಡು ನಿಮಿಷ ಆದ ಮೇಲೆ ಆಫರ್ ಮುಗಿಯೋದೇನಿಲ್ಲ, ನಾಳೆ ಮತ್ತೆ ಬರುತ್ತದೆ. ಆದರೂ ಬಣ್ಣ ಯಾವುದಿರಬೇಕು, ಫೋನು ಎಷ್ಟು ಸಲ ನಡುಗಬೇಕು, ಯಾವ ಸದ್ದಿಗೆ ಜನ ಬೇಗ ಒತ್ತುತ್ತಾರೆ ಅಂತ ಪರೀಕ್ಷೆ ಮಾಡಿ ಮಾಡಿ ಇಟ್ಟೆವು. ರಿಲೀಸ್ ಆದ ದಿನ ಕೇಕು ಕತ್ತರಿಸಿದೆವು. ದಿನಕ್ಕೆ ಇಂಥ ಎಷ್ಟು ಸದ್ದು ನಮ್ಮ ಜೇಬಿನಿಂದ ಬರುತ್ತವೆ, ಎಲ್ಲವೂ ಹೇಳೋದು ಒಂದೇ: ಬೇಗ ಬಾ, ಇಲ್ಲಾಂದ್ರೆ ತಪ್ಪಿಹೋಗುತ್ತೆ. ಹೀಗೆ ಪಳಗಿದ ಕಿವಿಗೆ ಒಂದು ನಿಜವಾದ ಎಚ್ಚರಿಕೆಯ ಸದ್ದು ಬಂದರೆ ಅದೂ ಆಫರಿನಂತೆಯೇ ಕೇಳಿಸುತ್ತದೆ. ಅವ್ವನ ಫೋನು ಬಟನ್ನಿನದು. ಆಕೆಗೆ ಸದ್ದು ಅಂದರೆ ಮಷಿನ್ನಿನ ಸದ್ದು, ಅಷ್ಟೇ.

ತಪ್ಪಿದ ಗಾಡಿಯ ಲೆಕ್ಕವನ್ನೂ ಹಾಕಿದೆ. ಆವತ್ತು ಬೋರ್ಡಿನಲ್ಲಿ ಮುಂದಿನ ಗಾಡಿಗೆ ನಾಲ್ಕು ನಿಮಿಷ ಅಂತ ಇತ್ತು. ನಾಲ್ಕು ನಿಮಿಷ ಉಳಿಸೋಕೆ ನಾನು ಮೊಣಕಾಲು ನೋವಿನ ಅರವತ್ತೆರಡು ವರ್ಷದ ಹೆಂಗಸನ್ನು ಎಳೆದುಕೊಂಡು ಓಡಿದ್ದೆ. ಆಕೆ ಕೈ ಕಿತ್ತುಕೊಳ್ಳದೆ ಹೋಗಿದ್ದರೆ ಬಾಗಿಲು ನಮ್ಮ ಕೈಗಳ ಮೇಲೆ ಮುಚ್ಚುತ್ತಿತ್ತು. ಬಾಗಿಲಿಗೆ ಗೊತ್ತಾಗುತ್ತಿತ್ತು, ಬಿಡುತ್ತಿತ್ತು ಅಂತಲೇ ಇಟ್ಟುಕೊಳ್ಳೋಣ. ಮೊಣಕಾಲು ಬಿಡುತ್ತಿತ್ತಾ? ಆಕೆ ಮುಗ್ಗರಿಸಿದ್ದರೆ? ಸೆರಗು ಸಿಗಿಸಿಕೊಂಡಿರದೆ ಇದ್ದರೆ? ಸಣ್ಣವನಿದ್ದಾಗ ಬೀದರಿನ ಜಾತ್ರೆಯಲ್ಲಿ ಆಕೆ ನನ್ನ ಕೈ ಎಷ್ಟು ಗಟ್ಟಿಯಾಗಿ ಹಿಡಿಯುತ್ತಿದ್ದಳಂದರೆ ಬೆರಳು ನೋಯುತ್ತಿದ್ದವು. ಆ ಕೈ ಇವತ್ತು ತಾನಾಗೇ ಬಿಡಿಸಿಕೊಂಡಿತ್ತು. ಹಿಡಿದದ್ದು ಯಾಕೋ ಬಿಡಿಸಿಕೊಂಡದ್ದೂ ಅದಕ್ಕೇ ಅಂತ ನನಗೆ ಅರ್ಥವಾಗೋಕೆ ಮಧ್ಯರಾತ್ರಿಯಾಯಿತು.

ಹದಿನೈದು ದಿನ ಇದ್ದು ಅವ್ವ ಹೊರಟಳು. ಬೀದರ್, ಭಾಲ್ಕಿ ಮೇಲೆ ಹೋಗುವ ನಾಂದೇಡ್ ಗಾಡಿ. ಅದಕ್ಕೆ ತಾನಾಗೇ ಮುಚ್ಚುವ ಬಾಗಿಲಿಲ್ಲ. ನಾನು ನಮ್ಮ ಪದ್ಧತಿಯಂತೆ ಒಳಗೆ ಹತ್ತಿದೆ, ಚೀಲ ಸೀಟಿನ ಕೆಳಗೆ ದಬ್ಬಿದೆ, ಮಾತ್ರೆ ಯಾವ ಹೊತ್ತಿಗೆ ಯಾವುದು ಅಂತ ಮತ್ತೆ ಹೇಳಿದೆ, ಎದುರು ಸೀಟಿನ ಉದಗೀರಿನ ದಂಪತಿಗೆ ಒಪ್ಪಿಸಿದೆ. ಹಾರ್ನ್ ಆಯಿತು. ನಾನು ಏಳಲಿಲ್ಲ. ಕಾಕಾನ ಮಾತು ತಲೆಯಲ್ಲಿತ್ತು.

‘ಏಳು’ ಅಂದಳು ಅವ್ವ.

‘ಇನ್ನಾ ಹೊಂಟಿಲ್ಲವ್ವಾ.’

‘ಒದರ್ತಲ್ಲ? ಏಳು, ಇಳಿ.’

ಇಳಿದು ಕಿಟಕಿಯ ಹತ್ತಿರ ಬಂದು ನಿಂತೆ. ಗಾಡಿ ಹೊರಡೋಕೆ ಇನ್ನೂ ಒಂದೆರಡು ನಿಮಿಷ ಹಿಡಿಯಿತು. ಇಬ್ಬರಿಗೂ ಮಾತೇನೂ ಉಳಿದಿರಲಿಲ್ಲ. ಸರಳಿನೊಳಗಿನಿಂದ ಕೈ ಹೊರಗಿಟ್ಟಳು, ಹಿಡಿದುಕೊಂಡೆ. ಗಾಡಿ ಜಗ್ಗಿದ ಕೂಡಲೇ ಒಳಗೆ ತೆಗೆದುಕೊಂಡಳು.

ವಾಪಸ್ ಮೆಟ್ರೊಗೆ ಬಂದಾಗ ರಾತ್ರಿಯಾಗಿತ್ತು. ಮೆಟ್ಟಿಲ ಅರ್ಧಕ್ಕೆ ಇಳಿದಿದ್ದೆ, ಕೆಳಗೆ ಪೀಂ ಪೀಂ ಶುರುವಾಯಿತು. ಹಿಂದಿನಿಂದ ಇಬ್ಬರು ಬ್ಯಾಗು ಅವುಚಿಕೊಂಡು ನನ್ನನ್ನು ದಾಟಿ ಓಡಿದರು. ನನ್ನ ಕಾಲೂ ಒಂದು ಮೆಟ್ಟಿಲು ಹಾರಿತು. ಎರಡನೇ ಮೆಟ್ಟಿಲಿಗೆ ಹಿಡಿಕೆ ಹಿಡಿದು ನಿಂತೆ. ಕೆಳಗೆ ಬಂದು ನೋಡಿದರೆ ಬೋರ್ಡಿನಲ್ಲಿ ಮುಂದಿನ ಗಾಡಿಗೆ ಎಂಟು ನಿಮಿಷ ಅಂತ ಇತ್ತು. ಹಳದಿ ಗೆರೆಯಿಂದ ನಾಲ್ಕು ಹೆಜ್ಜೆ ಹಿಂದೆ ಒಂದು ಬೆಂಚು ಖಾಲಿ ಇತ್ತು. ಐದಾರು ವರ್ಷದಲ್ಲಿ ಆ ಬೆಂಚಿನ ಮೇಲೆ ನಾನು ಕೂತದ್ದು ಅದೇ ಮೊದಲು.